ಆಪರೇಷನ್‌ಗೆ ಮುಂಚೆ ಕೈ ತೊಳೆಯುವುದು ಹೇಗೆ?

ಹೇಗಿದ್ದರೂ ಗ್ಲೌಸ್ ಹಾಕುತ್ತೇವಲ್ಲ, ಕೈ ಇಷ್ಟೊಂದು ಯಾಕೆ ತೊಳೆಯಬೇಕು ಅಂತ ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಹೊಸದಾಗಿ ಬಂದವರಿಗೆ ಅನ್ನಿಸುತ್ತದೆ. ಆಪರೇಷನ್ ನಡುವೆ ಗ್ಲೌಸ್‌ಗೆ ಸಣ್ಣ ತೂತು ಬಿದ್ದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಒಳಗೆ ಬೆವರಿದ ಚರ್ಮದ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತವೆ, ಆ ತೂತಿನಿಂದ ನೇರವಾಗಿ ರೋಗಿಯ ಗಾಯಕ್ಕೆ ಇಳಿಯಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಉಂಗುರ, ವಾಚು, ಬಳೆ ಮೊದಲೇ ಬಿಚ್ಚಿಡಿ. ಉಗುರು ಗಿಡ್ಡ ಇರಲಿ. ನೇಲ್ ಪಾಲಿಶ್ ಬೇಡ, ಅಂಟಿಸಿದ ಉಗುರಂತೂ ಬೇಡವೇ ಬೇಡ. ಕ್ಯಾಪ್, ಮಾಸ್ಕ್ ಹಾಕಿಕೊಂಡೇ ಸಿಂಕ್ ಹತ್ತಿರ ಹೋಗಿ, ಆಮೇಲೆ ಮುಖ ಮುಟ್ಟುವ ಹಾಗಿಲ್ಲ.

ಮೊದಲು ಸಾದಾ ಸೋಪಿನಿಂದ ಕೈ ತೊಳೆದು, ಹರಿಯುವ ನೀರಿನ ಕೆಳಗೆ ಉಗುರಿನ ಸಂದಿಯ ಕೊಳೆ ತೆಗೆಯಿರಿ. ಬ್ರಷ್ ಹಾಕಿ ಚರ್ಮ ತಿಕ್ಕಬೇಡಿ, ತರಚುತ್ತದೆ. ಆಮೇಲೆ ಕ್ಲೋರ್‌ಹೆಕ್ಸಿಡಿನ್ ಅಥವಾ ಪೊವಿಡೋನ್ ಅಯೋಡಿನ್ ಸ್ಕ್ರಬ್ (ಕೈ ತೊಳೆಯುವ ಕ್ರಿಮಿನಾಶಕ ದ್ರಾವಣ) ತಗೊಂಡು ಒಂದೊಂದು ಬೆರಳನ್ನೂ ನಾಲ್ಕು ಕಡೆಯಿಂದ ಉಜ್ಜಿ, ಬೆರಳ ಸಂದಿ, ಅಂಗೈ, ಹಿಂಗೈ, ಮಣಿಕಟ್ಟು ಮುಗಿಸಿ ಮೊಣಕೈವರೆಗೆ ಬನ್ನಿ. ಜಾಸ್ತಿ ಬಿಟ್ಟುಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ, ಅಲ್ಲಿ ಅವಸರ ಬೇಡ. ಉದ್ದಕ್ಕೂ ಕೈ ಮೊಣಕೈಗಿಂತ ಮೇಲೇ ಇರಲಿ, ಆಗ ನೀರು ಬೆರಳಿನಿಂದ ಮೊಣಕೈ ಕಡೆಗೆ ಇಳಿಯುತ್ತದೆ, ವಾಪಸ್ ಬರುವುದಿಲ್ಲ.

ಹಿಂದೆ 10 ನಿಮಿಷ ಉಜ್ಜುತ್ತಿದ್ದರು. ಈಗ ಅಷ್ಟು ಬೇಕಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಪ್ರಕಾರ ಸಾಮಾನ್ಯವಾಗಿ 2ರಿಂದ 5 ನಿಮಿಷ ಸಾಕು, ಬಾಟಲಿ ಮೇಲೆ ಬರೆದಿರುವ ಸಮಯ ಪಾಲಿಸಿ. ನಡುವೆ ಕೈ ನಲ್ಲಿಗೋ ಸಿಂಕಿಗೋ ತಾಗಿತಾ? ಸುಮ್ನೆ ಮುಂದೆ ಹೋಗಬೇಡಿ. ತಾಗಿದ ಜಾಗವನ್ನು ಇನ್ನೊಂದು ನಿಮಿಷ ಉಜ್ಜಿ. ಕೊನೆಗೆ ಸ್ಟೆರೈಲ್ (ಕ್ರಿಮಿಮುಕ್ತ ಮಾಡಿದ) ಟವೆಲ್‌ನಿಂದ ಒರೆಸಿಕೊಳ್ಳಿ.

ಸ್ಕ್ರಬ್ ಬದಲು ಆಲ್ಕೋಹಾಲ್ ರಬ್ (ನೀರಿಲ್ಲದೆ ಕೈಗೆ ಸವರುವ ಕ್ರಿಮಿನಾಶಕ) ಬಳಸುವುದಾದರೆ ಕೈ ಪೂರ್ತಿ ಒಣಗಿರಬೇಕು, ಒದ್ದೆ ಕೈಯಲ್ಲಿ ಅದರ ಶಕ್ತಿ ಕಡಿಮೆಯಾಗುತ್ತದೆ. ಒಂದು ಅಂಗೈಯಲ್ಲಿ ಸುಮಾರು 5 ಎಂಎಲ್ ಹಾಕಿಕೊಂಡು ಇನ್ನೊಂದು ಕೈಯ ಬೆರಳ ತುದಿಗಳನ್ನು ಅದರಲ್ಲಿ 5 ಸೆಕೆಂಡ್ ಅದ್ದಿ ಹಿಡಿಯಿರಿ, ಉಗುರಿನ ಕೆಳಗೆ ಇಳಿಯಲಿ. ನಂತರ ಆ ತೋಳಿಗೆ ಮೊಣಕೈವರೆಗೆ ಸವರಿ. ಇನ್ನೊಂದು ಕೈಗೂ ಹಾಗೇ. ಕೊನೆಗೆ ಮತ್ತೆ ಸ್ವಲ್ಪ ತಗೊಂಡು ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಉಜ್ಜಿ. ಒರೆಸಬೇಡಿ, ತಾನಾಗಿ ಒಣಗಲಿ, ಆಮೇಲೇ ಗೌನ್, ಗ್ಲೌಸ್. ಸ್ಕ್ರಬ್ ಮಾಡಿ ಅದರ ಬೆನ್ನಿಗೇ ರಬ್ ಅಂತ ಎರಡನ್ನೂ ಸೇರಿಸಬೇಡಿ, ಒಂದು ಸಾಕು.

ಕೇಸ್‌ಗಳೆಲ್ಲ ಮುಗಿದ ಮೇಲೆ ಕೈಗೆ ಕ್ರೀಮ್ ಹಚ್ಚಿ. ಒಡೆದ ಚರ್ಮದಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಸೇರಿಕೊಳ್ಳುತ್ತವೆ, ಉರಿಯಾಗಿ ನಾಳೆ ಸರಿಯಾಗಿ ಉಜ್ಜೋಕೂ ಆಗಲ್ಲ.