ಭುಜ ಕೈಕೊಡುತ್ತಿದೆಯಾ? ಮೊದಲು ನಡು ನೋಡಿಕೊಳ್ಳಿ

ವಾಲಿಬಾಲ್ ಸ್ಮ್ಯಾಶ್, ಟೆನಿಸ್ ಸರ್ವ್, ಬೌಂಡರಿಯಿಂದ ಎಸೆತ, ಈಜು. ಕೈ ತಲೆಗಿಂತ ಮೇಲೆ ಹೋಗುವ ಆಟ ಯಾವುದೇ ಇರಲಿ, ನೋವು ಬಂದರೆ ಎಲ್ಲರೂ ಭುಜವನ್ನೇ ಬೈಯುತ್ತಾರೆ. ಆದರೆ ಸ್ಮ್ಯಾಶ್, ಸರ್ವ್‌ಗಳ ಬಲ ಶುರುವಾಗುವುದು ಕಾಲಲ್ಲಿ. ಅದು ನಡು ದಾಟಿ, ಬೆನ್ನ ಮೇಲಿನ ತ್ರಿಕೋನದ ಎಲುಬು ಸ್ಕ್ಯಾಪುಲಾ ಮೂಲಕ ಕೈಗೆ ಬರುತ್ತದೆ. ಹೊಟ್ಟೆ, ಪಕ್ಕೆ, ಕೆಳಬೆನ್ನಿನ ಸ್ನಾಯುಗಳು ಬೇಗ ದಣಿದರೆ ಬಾಕಿ ಕೆಲಸ ಭುಜದ ಮೇಲೆ ಬೀಳುತ್ತದೆ.

ಮೊದಲು ಸ್ಕ್ಯಾಪುಲಾ ನೋಡಿ. ಬೆನ್ನು ಕಾಣುವಂತೆ ನಿಂತು, ಯಾರಿಗಾದರೂ ಹಿಂದಿನಿಂದ ವಿಡಿಯೊ ಮಾಡಲು ಹೇಳಿ. ಎರಡೂ ಕೈಯಲ್ಲಿ ಒಂದೂವರೆ ಕೆ.ಜಿ.ಯಷ್ಟು ತೂಕ ಹಿಡಿದು, ಮೂರು ಎಣಿಸುತ್ತ ಮೇಲೆತ್ತಿ, ಮೂರು ಎಣಿಸುತ್ತ ಇಳಿಸಿ. 5 ಸಲ ಮುಂದಿನಿಂದ, 5 ಸಲ ಪಕ್ಕದಿಂದ. ಇಳಿಸುವಾಗಲೇ ಗುಟ್ಟು ಬಯಲಾಗುವುದು ಜಾಸ್ತಿ. ಎಲುಬಿನ ಒಳ ಅಂಚು ಇಲ್ಲವೇ ಕೆಳತುದಿ ಬೆನ್ನಿನಿಂದ ಎದ್ದು ಕಾಣುತ್ತದಾ? ತಟಕ್ಕನೆ ಕೆಳಗೆ ತಿರುಗುತ್ತದಾ? ನೋವೇ ಇಲ್ಲದ ಆಟಗಾರರಲ್ಲೂ ಹೀಗೆ ಕಾಣುವುದುಂಟು, ಗಾಬರಿ ಬೇಡ.

ಇದೇ ವಿಡಿಯೊವನ್ನು ಅಭ್ಯಾಸ ಮುಗಿಸಿ ಸುಸ್ತಾದ ಮೇಲೂ ಮಾಡಿ. ನನ್ನ ಪ್ರಕಾರ ಇದೇ ಮುಖ್ಯ. ಆರಂಭದಲ್ಲಿ ಸರಿಯಿದ್ದು ಕೊನೆಗೆ ಕೆಡುತ್ತಿದ್ದರೆ ಪ್ರಶ್ನೆ ಬಲದ್ದಲ್ಲ, ತಾಳಿಕೆಯದ್ದು.

ಈಗ ನಡು. ಸೈಡ್ ಪ್ಲ್ಯಾಂಕ್: ಒಂದು ಪಕ್ಕಕ್ಕೆ ಮಲಗಿ, ಮೊಣಕೈ ಭುಜದ ನೇರ ಕೆಳಗೆ, ಕಾಲು ನೀಳ, ಸೊಂಟ ಮೇಲೆ. ಸೊಂಟ ಜೋತುಬಿದ್ದ ಕ್ಷಣ ಗಡಿಯಾರ ನಿಲ್ಲಿಸಿ. ಒಂದು ಬದಿ 60 ಸೆಕೆಂಡ್, ಇನ್ನೊಂದು ಬದಿ 45 ಬಂದರೆ ಆ ವ್ಯತ್ಯಾಸ ಸಣ್ಣದಲ್ಲ. ಭುಜ ನೋಯುತ್ತಿದ್ದರೆ ಇದನ್ನು ಬಿಡಿ. ನಡುವಿಗಿಂತ ಮೊದಲು ಭುಜವೇ ಸೋತು ಲೆಕ್ಕ ತಪ್ಪುತ್ತದೆ.

ಅಭ್ಯಾಸಕ್ಕೂ ಇದೇ ಪ್ಲ್ಯಾಂಕ್ ಸಾಕು, ಆದರೆ ಸುಮ್ನೆ ನಿಮಿಷಗಟ್ಟಲೆ ನಡುಗುತ್ತ ನಿಲ್ಲಬೇಡಿ. 10 ಸೆಕೆಂಡ್ ಹಿಡಿದು ಬಿಡಿ, ಮತ್ತೆ ಹಿಡಿಯಿರಿ, 5-6 ಸಲ. ಸುಲಭವಾದಾಗ ಸೆಕೆಂಡ್ ಬದಲು ಸಲ ಹೆಚ್ಚಿಸಿ. ಜೊತೆಗೆ ಡೆಡ್ ಬಗ್: ಅಂಗಾತ ಮಲಗಿ ಎರಡೂ ಕೈ ಸೂರಿನ ಕಡೆ ಚಾಚಿ, ಮೊಣಕಾಲು ಮಡಚಿ ಎತ್ತಿ. ಎದುರುಬದುರಿನ ಕೈ-ಕಾಲನ್ನು (ಬಲಗೈ-ಎಡಗಾಲು, ಆಮೇಲೆ ಎಡಗೈ-ಬಲಗಾಲು) ನಿಧಾನ ನೆಲದ ಕಡೆ ಚಾಚಿ. ಕೆಳಬೆನ್ನು ನೆಲ ಬಿಟ್ಟರೆ ಚಾಚಿದ್ದು ಜಾಸ್ತಿಯಾಯಿತು ಎಂದರ್ಥ.

ಸ್ಕ್ಯಾಪುಲಾಗೆ ಗೋಡೆಯ ಪುಷ್‌ಅಪ್. ಮೊಣಕೈ ನೆಟ್ಟಗಾದ ಮೇಲೂ ಗೋಡೆಯನ್ನು ಇನ್ನೊಂದಿಷ್ಟು ತಳ್ಳಿ, ಮೇಲ್ಬೆನ್ನು ಸ್ವಲ್ಪ ಹಿಂದಕ್ಕೆ ಉಬ್ಬಲಿ. ಸ್ಕ್ಯಾಪುಲಾವನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಸೆರೇಟಸ್ ಸ್ನಾಯು ದುಡಿಯುವುದು ಆ ಕೊನೆಯ ತಳ್ಳಿನಲ್ಲೇ.

ಇವನ್ನೆಲ್ಲ ಆಟದ ನಂತರ ಮಾಡಿ. ಮೊದಲೇ ನಡು ದಣಿಸಿಕೊಂಡು ಸರ್ವ್‌ಗೆ ಇಳಿದರೆ ಏನು ಬಂತು, ಅಲ್ವಾ? ರಾತ್ರಿ ನಿದ್ದೆ ಕೆಡಿಸುವ ನೋವು, ಕೈ ಜೋಮು, ಭುಜ ಜಾರಿದಂತಾಗುವುದು ಇದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೋ ಫಿಸಿಯೋಗೋ ತೋರಿಸಿ.