ಬೇಡವಾದ ಮಗಳ ಆತ್ಮಕಥೆಯನ್ನು ಓದುವ ಬಗೆ

ಚೀನೀ ಮೂಲದ ಲೇಖಕಿ ಆಡಲೀನ್ ಯೆನ್ ಮಾ ಅವರ ಆತ್ಮಕಥೆ ‘ಫಾಲಿಂಗ್ ಲೀವ್ಸ್’ (1997) ಕೃತಿಯನ್ನು ಓದಲು ಕುಳಿತಾಗ ಪಕ್ಕದಲ್ಲಿ ಒಂದು ಹಾಳೆ ಮತ್ತು ಪೆನ್ಸಿಲ್ ಇರಲಿ. ಲೇಖಕಿ ಹುಟ್ಟಿದ್ದು 1937ರಲ್ಲಿ, ಉತ್ತರ ಚೀನಾದ ತಿಯಾಂಜಿನ್‌ನಲ್ಲಿ; ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಹುಟ್ಟುತ್ತಲೇ ತಾಯಿಯನ್ನು ನುಂಗಿಕೊಂಡವಳೆಂಬ ಮಾತು ಮಗುವಿಗೆ ಅಂದೇ ಅಂಟಿತು.

ಮೊದಲು ಬಂಧುಗಳ ಪಟ್ಟಿ ಮಾಡಿಕೊಳ್ಳಿ. ಯೇ ಯೇ ಎಂದರೆ ತಂದೆಯ ತಂದೆ, ಮಲತಾಯಿಗೆ ಮಕ್ಕಳು ಕರೆಯುವ ಹೆಸರು ನಿಯಾಂಗ್, ಬಾಬಾ ಎಂಬಾಕೆ ಸೋದರತ್ತೆ. ಅಣ್ಣ ಬೇರೆ, ತಮ್ಮ ಬೇರೆ ಎನ್ನುವ ಭಾಷೆ ಚೀನೀಯರದೂ ಹೌದು, ಆದ್ದರಿಂದ ಇಂಗ್ಲಿಷಿನ ಒಂದೇ ‘ಬ್ರದರ್’ ಬಂದಲ್ಲೆಲ್ಲ ಯಾರು ಹಿರಿಯ, ಯಾರು ಕಿರಿಯ ಎಂದು ಕನ್ನಡದಲ್ಲೇ ಗುರುತು ಹಾಕಿಕೊಂಡರೆ ಗೊಂದಲ ತಪ್ಪುತ್ತದೆ.

ಅನಂತರ, ಕುಟುಂಬ ಮುಂದೆ ನೆಲೆಸಿದ ಶಾಂಘೈ ಮನೆಯ ನಕ್ಷೆಯನ್ನು ಮಹಡಿವಾರು ಬರೆಯಿರಿ. ನನ್ನ ಮಟ್ಟಿಗೆ ಇಡೀ ಪುಸ್ತಕದ ಕೀಲಿಕೈ ಇದೇ. ತಂದೆ, ನಿಯಾಂಗ್ ಮತ್ತು ಅವಳ ಸ್ವಂತ ಮಕ್ಕಳು ಒಂದು ಮಹಡಿಯಲ್ಲಿ. ಅಜ್ಜ, ಸೋದರತ್ತೆ ಮತ್ತು ಮೊದಲ ಹೆಂಡತಿಯ ಮಕ್ಕಳು ಅದಕ್ಕೂ ಮೇಲೆ. ಶಾಲೆಗೆ ಹೋಗಲು ಟ್ರಾಮಿನ ಕಾಸು ಯಾರಿಗೆ ಸಿಕ್ಕಿತು, ಯಾರು ನಡೆದರು ಎಂಬುದನ್ನೂ ಅದರ ಬದಿಯಲ್ಲಿ ಬರೆದಿಡಿ. ಕಣ್ಣೀರಿನ ಪುಟಗಳಿಗಿಂತ ಇಂಥ ಲೆಕ್ಕಗಳು ಹೆಚ್ಚು ನಿಜ ಹೇಳುತ್ತವೆ. ಅದೇ ಮೇಲ್ಮಹಡಿಯಲ್ಲಿ ಸೋದರತ್ತೆ ಈ ಹುಡುಗಿಯ ಅಂಕಪಟ್ಟಿಗಳನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಬೀಗದ ಕೈಯನ್ನು ಕೊರಳಲ್ಲಿ ಧರಿಸುತ್ತಿದ್ದಳೆಂಬುದನ್ನೂ ನಕ್ಷೆಯಲ್ಲಿ ಸೇರಿಸಿ.

ಇಸವಿಗಳನ್ನು ಒಂದು ಅಂಚಿನಲ್ಲಿ ಬರೆದುಕೊಂಡರೆ ಸಾಕು, ಆದರೆ 1948ನ್ನು ಬಿಡಬೇಡಿ. ಕಮ್ಯುನಿಸ್ಟ್ ಸೇನೆ ಸಮೀಪಿಸುತ್ತಿದೆಯೆಂದು ಅನುಕೂಲಸ್ಥರು ತಿಯಾಂಜಿನ್‌ನಿಂದ ದಕ್ಷಿಣಕ್ಕೆ ಓಡುತ್ತಿದ್ದಾಗ ತಂದೆ ಮಗಳನ್ನು ಅದೇ ಊರಿನ ಕಾನ್ವೆಂಟಿಗೆ ಬಿಡಲು ವಿಮಾನದಲ್ಲಿ ಕರೆದೊಯ್ಯುತ್ತಾರೆ. ಮರುವರ್ಷ ಜನವರಿಯಲ್ಲಿ ಊರು ಆ ಸೇನೆಯ ವಶವಾಯಿತು. ಆ ಪಯಣವನ್ನು ಕಿರಿಯರಿಗಾಗಿ ಬರೆದ ‘ಚೈನೀಸ್ ಸಿಂಡರೆಲ್ಲಾ’ (1999) ಕೃತಿಯಲ್ಲಿ ನಿಧಾನವಾಗಿ ಓದಬೇಕು: ವಿಮಾನದಲ್ಲಿ ನಮೂನೆ ತುಂಬುವ ತಂದೆಗೆ ಮಗಳ ಚೀನೀ ಹೆಸರೇ ನೆನಪಿಲ್ಲ; ಹುಟ್ಟಿದ ದಿನವೂ ತಿಳಿಯದೆ, ತನ್ನದೇ ಜನ್ಮದಿನವಾದ ನವೆಂಬರ್ 30ನ್ನು ಬರೆದುಬಿಡುತ್ತಾನೆ. ಇಲ್ಲಿ ದ್ವೇಷವಿಲ್ಲ, ಮರೆವಿದೆ. ಎರಡನ್ನೂ ಬೇರೆ ಬೇರೆಯಾಗಿಯೇ ಗುರುತಿಸಿ.

‘ಚೀನಾದಲ್ಲಿ ಹೆಣ್ಣುಮಕ್ಕಳ ಗತಿಯೇ ಇಷ್ಟು’ ಎಂಬ ಸುಲಭ ವಿವರಣೆಗೆ ಒಲಿಯಬೇಡಿ. ಇದೇ ಮನೆತನದ, ಅಜ್ಜನ ಸೋದರಿಯೊಬ್ಬರು 1924ರಲ್ಲಿ ಶಾಂಘೈಯಲ್ಲಿ ಮಹಿಳೆಯರ ಬ್ಯಾಂಕನ್ನು ಕಟ್ಟಿದ್ದರು. ಹಾಗೆಯೇ, ಹೇಳುತ್ತಿರುವವಳು ಒಬ್ಬಳೇ, ನಿಯಾಂಗ್‌ಳ ಕಡೆಯ ಮಾತು ಪುಸ್ತಕದಲ್ಲಿಲ್ಲ ಎಂಬುದೂ ಮನಸ್ಸಿನಲ್ಲಿರಲಿ.

‘ಫಾಲಿಂಗ್ ಲೀವ್ಸ್’ ತೆರೆಯುವುದು 1988ರಲ್ಲಿ ಹಾಂಗ್‌ಕಾಂಗ್‌ನಲ್ಲಿ, ತಂದೆಯ ಉಯಿಲನ್ನು ಓದುವ ಸಭೆಯೊಂದಿಗೆ. ಪುಸ್ತಕ ಮುಗಿದ ಮೇಲೆ ಆ ಪುಟಗಳಿಗೆ ಮರಳಿ, ಮೇಜಿನ ಸುತ್ತ ಕುಳಿತ ಒಬ್ಬೊಬ್ಬರ ಹೆಸರನ್ನೂ ನಿಮ್ಮ ಮಹಡಿಯ ನಕ್ಷೆಯೊಡನೆ ಹೊಂದಿಸಿ ನೋಡಿ.