ಬಸ್ಸು ಕಾಯುವುದಿಲ್ಲ: ಸಿಂಗಾಪುರದಿಂದ ಕೌಲಾಲಂಪುರಕ್ಕೆ

ಸಿಂಗಾಪುರದಿಂದ ಕೌಲಾಲಂಪುರ ಸುಮಾರು 350 ಕಿಲೋಮೀಟರ್. ನಮ್ಮ ಬೆಂಗಳೂರು-ಮಂಗಳೂರಿನಷ್ಟೇ. ಐದಾರು ಗಂಟೆ ಕೂತರೆ ಆಯ್ತು, ವಿಮಾನಕ್ಕೆ ಸುಮ್ನೆ ಯಾಕೆ ದುಡ್ಡು ಅಂತ ಬಸ್ ಬುಕ್ ಮಾಡಿದೆ. 2024ರ ಮೇ ಕೊನೆ, ಶುಕ್ರವಾರ ಸಂಜೆ. ಜೊತೆಗೆ ಅಮ್ಮ. ಅಲ್ಲಿನ ಶಾಲೆಗಳಿಗೆ ರಜೆ ಶುರುವಾಗುವ ಸಂಜೆ ಅದು ಅಂತ ಆಮೇಲೆ ಗೊತ್ತಾಯಿತು.

ಎರಡು ದೇಶಗಳ ನಡುವೆ ಇರುವುದು ಒಂದು ಕಿಲೋಮೀಟರಿನ ಕಾಸ್‌ವೇ, ಅಂದರೆ ಸಮುದ್ರದ ನೀರಿಗೆ ಅಡ್ಡಲಾಗಿ ಹಾಕಿದ ರಸ್ತೆ. 1924ರಲ್ಲಿ ಕಟ್ಟಿ ಮುಗಿಸಿದ್ದು. ಆ ಒಂದು ಕಿಲೋಮೀಟರಿಗೆ ನಮಗೆ ಹಿಡಿದದ್ದು ಒಂದೂವರೆ ಗಂಟೆ.

ಸಿಂಗಾಪುರ ಕಡೆಯ ಗಡಿ ತಪಾಸಣೆ ಇರುವ ವುಡ್‌ಲ್ಯಾಂಡ್ಸ್‌ನಲ್ಲಿ ಬ್ಯಾಗ್ ಬಸ್ಸಲ್ಲೇ ಬಿಟ್ಟು, ಪಾಸ್‌ಪೋರ್ಟ್ ಹಿಡಿದು ಇಳಿದೆವು. ಅದು ಬೇಗ ಮುಗಿಯಿತು. ಆಚೆ ದಡದ ಮಲೇಷ್ಯಾದ ಊರು ಜೋಹೋರ್ ಬಾರು ಕಡೆ ಲಗೇಜ್ ಪೂರ್ತಿ ಇಳಿಸಿಕೊಂಡು ಹೋಗಬೇಕು, ಸ್ಕ್ಯಾನ್ ಮಾಡಿಸಬೇಕು. ಡ್ರೈವರ್ ಕೈಸನ್ನೆಯಲ್ಲೇ ಹೇಳಿದ: ಅರ್ಧ ಗಂಟೆ.

2023ರ ಡಿಸೆಂಬರ್‌ನಿಂದ ಭಾರತೀಯರಿಗೆ ಮಲೇಷ್ಯಾ ವೀಸಾ ಬೇಡ. ಆದರೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಿರಬೇಕು. ತುಂಬಿದ್ದೆ. ಅಮ್ಮನ ಪಾಸ್‌ಪೋರ್ಟ್ ನಂಬರಿನಲ್ಲಿ 6 ಇರುವ ಕಡೆ 8 ಒತ್ತಿದ್ದೆ, ಅಷ್ಟೇ. ಕೌಂಟರಿನವರು ಪಕ್ಕಕ್ಕೆ ನಿಲ್ಲಿಸಿದರು. ಕಂಬಕ್ಕೆ ಒರಗಿ, ಬೆವರಿದ ಬೆರಳಲ್ಲಿ ಮತ್ತೆ ಫಾರಂ ತುಂಬಿ, ಕ್ಯೂನ ಕೊನೆಗೆ ಹೋಗಿ ನಿಂತೆವು.

ಕೆಳಗೆ ಬಂದಾಗ ಸಾಲಾಗಿ ಬಸ್ಸುಗಳು, ಎಲ್ಲವೂ ಒಂದೇ ಥರ. ನಮ್ಮ ಬಸ್ಸಿನ ನಂಬರ್ ನಾನು ನೋಡಿಯೇ ಇರಲಿಲ್ಲ. ಮುಂದಿನ ಗಾಜಿಗೆ ಹಸಿರು ಪರದೆ ಇತ್ತು ಅನ್ನೋದಷ್ಟೇ ನೆನಪು. ಪ್ರತಿ ಬಸ್ಸಿಗೂ ಇಣುಕಿದೆವು. ಹಸಿರು ಪರದೆ ಎಲ್ಲೂ ಇಲ್ಲ.

"ನಮ್ಮ ಕೆಂಪು ಬಸ್ಸಿನ ಕಂಡಕ್ಟರ್ ಆಗಿದ್ರೆ ತಲೆ ಎಣಿಸದೆ ರೈಟ್ ಅಂತಿರ್ಲಿಲ್ಲ ಕಣೋ," ಅಂದರು ಅಮ್ಮ.

ಅವರು ಹೇಳಿದ್ದು ಸರಿಯೇ. ಆದರೆ ಇಲ್ಲಿ ಡ್ರೈವರ್ ಒಬ್ಬನೇ, ಹಿಂದೆ ಇನ್ನೊಂದು ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಟಿಕೆಟ್ಟಿನ ಹಿಂಭಾಗದಲ್ಲೂ ಕಾಯುವುದಿಲ್ಲ ಅಂತ ಬರೆದಿತ್ತು. ಅದನ್ನು ಯಾರು ಓದುತ್ತಾರೆ, ಅಲ್ವಾ? ಪುಣ್ಯಕ್ಕೆ ಬ್ಯಾಗ್ ಕೈಯಲ್ಲೇ ಇತ್ತು. ಸಿಟಿ ಬಸ್ ಹತ್ತಿ ಲಾರ್ಕಿನ್ ಬಸ್ ನಿಲ್ದಾಣಕ್ಕೆ ಹೋಗಿ, ಮತ್ತೆ ಟಿಕೆಟ್ ತೆಗೆದು, ಬೆಳಗಿನ ಜಾವ ಕೌಲಾಲಂಪುರ ತಲುಪಿದೆವು.

ವಾಪಸ್ ಬರುವಾಗ ಮಂಗಳವಾರ ಬೆಳಿಗ್ಗೆಯ ಬಸ್ ಹಿಡಿದೆ. ಸಿಂಗಾಪುರಕ್ಕೂ ಬೇರೆ ಅರೈವಲ್ ಕಾರ್ಡ್ ಬೇಕು, ಅದನ್ನು ಅಮ್ಮನೇ ಕನ್ನಡಕ ಹಾಕಿಕೊಂಡು ಒಂದೊಂದು ಅಂಕಿ ಓದಿ ಹೇಳಿದರು. ನಮ್ಮ ಸಿಂಗಾಪುರ ವೀಸಾ ಮಲ್ಟಿಪಲ್ ಎಂಟ್ರಿ ಇದ್ದದ್ದರಿಂದ ಬಚಾವ್. ಹೊರಡುವ ಮುಂಚೆ ಅದನ್ನು ಒಮ್ಮೆ ನೋಡಿಕೊಳ್ಳಿ. ಬಸ್ಸಿನ ನಂಬರ್ ಪ್ಲೇಟ್ ಫೋಟೋ ತೆಗೆದುಕೊಂಡೆ, ಮುಂದಿನ ಸೀಟನ್ನೇ ಕೇಳಿ ಪಡೆದೆ.

ಅಮ್ಮನದು ಇನ್ನೂ ಜೋರು. ಹತ್ತುವಾಗಲೇ ಡ್ರೈವರ್ ಕೈಗೆ ಎರಡು ಕೋಡುಬಳೆ ಇಟ್ಟು, ತನ್ನನ್ನೂ ನನ್ನನ್ನೂ ತೋರಿಸಿ, ಎರಡು ಬೆರಳೆತ್ತಿ ಎಣಿಸಿ ತೋರಿಸಿದರು. ವುಡ್‌ಲ್ಯಾಂಡ್ಸ್‌ನಲ್ಲಿ ನಾವು ಕೆಳಗಿಳಿದು ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ನಮ್ಮನ್ನು ನೋಡಿ ಎರಡು ಬೆರಳೆತ್ತಿದ.